ಮೂರು ಸ್ಕ್ಯಾನಿಂಗ್ ಆಯಿತು, ಹೊಟ್ಟೆನೋವು ಹಾಗೇ ಇದೆ

ತಿಪಟೂರಿನಿಂದ ಬಂದ ದೊಡ್ಡಮ್ಮನ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇತ್ತು. ಒಳಗೆ ಒಂದೂವರೆ ವರ್ಷದಲ್ಲಿ ಮಾಡಿಸಿದ ಮೂರು ಸ್ಕ್ಯಾನಿಂಗ್ ರಿಪೋರ್ಟು. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ನೋವು. ಊಟ ಸೇರುತ್ತಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಎಂಡೋಸ್ಕೋಪಿ ಮಾಡಿ ನೋಡಬೇಕು ಎಂದು ಡಾಕ್ಟರು ಹೇಳಿದ ಕೂಡಲೇ ಅವರು ಕವರನ್ನು ಮುಂದಕ್ಕೆ ಚಾಚಿದರು.

“ಮೂರು ಸಲ ಸ್ಕ್ಯಾನಿಂಗ್ ಆಗಿದೆ ಡಾಕ್ಟ್ರೇ, ಮೂರೂ ನಾರ್ಮಲ್ಲು. ಇನ್ನು ಬಾಯೊಳಗೆ ಪೈಪು ಬಿಡೋದು ಯಾಕೆ?”

“ಅಮ್ಮಾ, ಸ್ಕ್ಯಾನಿಂಗ್ ಸುಳ್ಳು ಹೇಳಿಲ್ಲ. ನಿಮ್ಮ ಲಿವರ್, ಪಿತ್ತಕೋಶ, ಕಿಡ್ನಿ ಚೆನ್ನಾಗಿವೆ. ಆದರೆ ನಿಮ್ಮ ತೊಂದರೆ ಇರೋ ಜಾಗವನ್ನ ಅದು ನೋಡೇ ಇಲ್ಲ” ಎಂದರು ಡಾಕ್ಟರು.

ಹೊಟ್ಟೆಯ ಪರೀಕ್ಷೆಗಳ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಇದೇ ಎಂದು ನನಗನ್ನಿಸುತ್ತದೆ. ನೋವಿಲ್ಲದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತೇವೆ, ನೋಡಬೇಕಾದ್ದನ್ನು ನೋಡಬಲ್ಲ ಪರೀಕ್ಷೆಗೆ ಹೆದರಿ ವರ್ಷ ಕಳೆಯುತ್ತೇವೆ.

“ಸ್ಕ್ಯಾನಿಂಗ್‌ನಲ್ಲಿ ಎಲ್ಲಾ ಕಾಣುತ್ತೆ”

ನಮ್ಮೂರುಗಳಲ್ಲಿ ಸ್ಕ್ಯಾನಿಂಗ್ ಎಂದರೆ ಅಲ್ಟ್ರಾಸೌಂಡ್. ಅದು ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ಅಲೆ. ಮಾಂಸ, ನೀರು ತುಂಬಿದ ಅಂಗಗಳ ಮೂಲಕ ಈ ಅಲೆ ಸಲೀಸಾಗಿ ಹೋಗಿ, ತಾಗಿದ್ದಕ್ಕೆ ತಾಗಿ ಮರಳಿ ಬಂದು ಚಿತ್ರವಾಗುತ್ತದೆ. ಗಾಳಿ ಎದುರಾದರೆ ಮುಂದೆ ಹೋಗುವುದೇ ಇಲ್ಲ. ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ ಬಳಿಯುವುದೂ ಚರ್ಮಕ್ಕೂ ಯಂತ್ರದ ತುದಿಗೂ ನಡುವೆ ಗಾಳಿ ಉಳಿಯದಿರಲಿ ಎಂದೇ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಬಿಳಿ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು ಸ್ಪಷ್ಟವಾಗಿ ಕಾಣುತ್ತದೆ. ಈ ಕೆಲಸಕ್ಕೆ ಅಲ್ಟ್ರಾಸೌಂಡ್‌ನಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಆದರೆ ಜಠರವೂ ಕರುಳೂ ಗಾಳಿ ಆಡುವ ಚೀಲ, ಕೊಳವೆಗಳು. ಅವುಗಳ ಒಳಪದರದಲ್ಲಿ ಅರ್ಧ ಸೆಂಟಿಮೀಟರಿನ ಹುಣ್ಣಿದ್ದರೆ ಸ್ಕ್ಯಾನಿಂಗ್ ಮಾಡುವವರು ಎಷ್ಟೇ ನಿಪುಣರಾಗಿರಲಿ, ಅದು ಅವರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಗೊಂದಲ ರಿಪೋರ್ಟಿನ ಭಾಷೆಯಿಂದ ಹುಟ್ಟುತ್ತದೆ. ಬವೆಲ್ ಗ್ಯಾಸ್‌ನಿಂದಾಗಿ ಪ್ಯಾಂಕ್ರಿಯಾಸ್ ಪೂರ್ತಿ ಕಾಣುತ್ತಿಲ್ಲ ಎಂಬ ಸಾಲು ಬಹಳ ರಿಪೋರ್ಟುಗಳಲ್ಲಿರುತ್ತದೆ. ಅದನ್ನು ಓದಿದವರು “ನೋಡಿ, ಗ್ಯಾಸ್ಟ್ರಿಕ್ ಅಂತಲೇ ಬರೆದಿದ್ದಾರೆ” ಎಂದು ನಿಶ್ಚಿಂತರಾಗುತ್ತಾರೆ. ಅಲ್ಲಿ ಬರೆದಿರುವುದು ಕಾಯಿಲೆಯ ಹೆಸರಲ್ಲ. ಕರುಳಿನ ಗಾಳಿ ಅಡ್ಡ ಬಂದು ಆ ಭಾಗವನ್ನು ನೋಡಲಾಗಲಿಲ್ಲ ಎಂಬ ಒಪ್ಪಿಗೆ ಅದು.

ಗ್ಯಾಸ್ಟ್ರಿಕ್ ಎಂಬ ಪದವೇ ನಮ್ಮಲ್ಲಿ ಎಲ್ಲ ನೋವಿಗೂ ಹೊದಿಸುವ ಕಂಬಳಿಯಾಗಿದೆ. ಎದೆಯ ನಡುವೆ ಭಾರ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಬಂದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮಲಗಬೇಡಿ. ಮೊದಲು ಇಸಿಜಿ ಆಗಲಿ. ಹೊಟ್ಟೆಯ ವಿಚಾರ ಆಮೇಲೆ.

“ಪೈಪು ಬಿಟ್ಟರೆ ಉಸಿರು ಕಟ್ಟುತ್ತೆ”

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. 1868ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಅಡಾಲ್ಫ್ ಕುಸ್ಮೌಲ್ ಎಂಬ ವೈದ್ಯರು ಜೀವಂತ ಮನುಷ್ಯನ ಜಠರದೊಳಗೆ ಇಣುಕಿ ನೋಡಲು ಬಳಸಿದ್ದು ಬಾಗದ ನೇರ ಕೊಳವೆ. ಅದನ್ನು ನುಂಗಲು ಅವರಿಗೆ ಒದಗಿದವನು ಕತ್ತಿ ನುಂಗುವ ಪ್ರದರ್ಶನಕಾರ! ಸಾಮಾನ್ಯರಿಗೆ ಸಾಧ್ಯವಾಗುವ ಕೆಲಸವಾಗಿರಲಿಲ್ಲ. ಚಿತ್ರ ಬದಲಾದದ್ದು ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಕಟ್ಟಿನಿಂದ. ಬಾಗಿದ ದಾರಿಯಲ್ಲೂ ಬೆಳಕನ್ನೂ ಚಿತ್ರವನ್ನೂ ಸಾಗಿಸಬಹುದೆಂದು ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಸೇರಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ಬೇಸಿಲ್ ಹಿರ್ಶೊವಿಟ್ಸ್ ಅಮೆರಿಕದ ಮಿಶಿಗನ್‌ನಲ್ಲಿ ಬಳುಕುವ ಎಂಡೋಸ್ಕೋಪ್ ಮಾಡಿ, 1957ರಲ್ಲಿ ಮೊದಲು ತಾವೇ ಅದನ್ನು ನುಂಗಿ ನೋಡಿದರು. ಈಗಿನ ಪೈಪುಗಳ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುತ್ತದೆ. ದಪ್ಪ ಸುಮಾರು 9 ಮಿಲಿಮೀಟರ್, ನಮ್ಮ ಕಿರುಬೆರಳಿಗಿಂತ ಸಣ್ಣದು.

ದೊಡ್ಡಮ್ಮನಿಗೆ ಮಾಡುವಾಗ ನಾನು ಬಾಗಿಲ ಬಳಿಯೇ ನಿಂತಿದ್ದೆ. ಹಿಂದಿನ ರಾತ್ರಿಯ ಊಟದ ನಂತರ ಏನೂ ತಿಂದಿರಲಿಲ್ಲ. ಗಂಟಲಿಗೆ ಎರಡು ಸಲ ಕಹಿ ಸ್ಪ್ರೇ ಹೊಡೆದರು. ಹಲ್ಲು ಕೀಳುವಾಗ ಒಸಡು ಮರಗಟ್ಟುವಂತೆ ನಾಲಿಗೆಯ ಬುಡ ಮರಗಟ್ಟಿತು. ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ತೂತಿರುವ ಪ್ಲಾಸ್ಟಿಕ್ ಬಳೆಯಂಥದ್ದನ್ನು ಇಟ್ಟರು. “ಉಗುಳು ನುಂಗಬೇಡಿ ಅಮ್ಮಾ, ಹೊರಗೆ ಹರೀಲಿ. ಮೂಗಲ್ಲೇ ಉಸಿರಾಡಿ” ಎಂದರು ನರ್ಸ್. ಪೈಪು ಗಂಟಲು ದಾಟುವಾಗ ಎರಡು ಸಲ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು. ಆಮೇಲೆ ಸುಮ್ಮನಾದರು. ಆರೇಳು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಪೈಪು ಇಳಿಯುವುದು ಅನ್ನನಾಳಕ್ಕೆ. ಶ್ವಾಸನಾಳದ ದಾರಿ ಬೇರೆಯೇ ಆದ್ದರಿಂದ ಉಸಿರಾಟ ನಡೆಯುತ್ತಲೇ ಇರುತ್ತದೆ. ತೀರಾ ಹೆದರುವವರಿಗೆ ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟೂ ಮಾಡುತ್ತಾರೆ. ಆಗ ಜೊತೆಗೊಬ್ಬರು ಇರಬೇಕು, ಆ ದಿನ ಗಾಡಿ ಓಡಿಸಬಾರದು, ಅಷ್ಟೆ.

“ಒಬ್ಬರಿಗೆ ಹಾಕಿದ ಪೈಪನ್ನೇ ಇನ್ನೊಬ್ಬರಿಗೆ ಹಾಕುತ್ತಾರಲ್ಲ” ಎಂಬ ಅಳುಕು ಮಾತ್ರ ನ್ಯಾಯವಾದದ್ದು. ಪ್ರತಿ ರೋಗಿಯ ನಂತರ ಪೈಪಿನ ಹೊರಗನ್ನೂ ಒಳದಾರಿಗಳನ್ನೂ ಬ್ರಷ್ ಹಾಕಿ ತೊಳೆದು, ಸೋಂಕುನಾಶಕ ದ್ರಾವಣದಲ್ಲಿ ನಿಗದಿತ ಹೊತ್ತು ಅದ್ದಿಡಬೇಕು. ಅದನ್ನು ಹೇಗೆ ಮಾಡುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

“ಅಲ್ಸರ್ ಬರೋದು ಖಾರದಿಂದ, ಚಿಂತೆಯಿಂದ”

ಪರದೆಯ ಮೇಲೆ ದೊಡ್ಡಮ್ಮನ ಜಠರ ಕೆಂಪಗೆ, ತೇವವಾಗಿ ಹೊಳೆಯುತ್ತಿತ್ತು. ಕೆಳಭಾಗದಲ್ಲಿ ಬಿಳಿಚಿದ ತಳವಿರುವ ಹುಣ್ಣು, ಅದರ ನಡುವೆ ಕಪ್ಪು ಚುಕ್ಕೆ. ರಕ್ತ ಒಸರಿದ ಗುರುತು ಅದು. ಹಿಮೋಗ್ಲೋಬಿನ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು.

ಅವರು ಮೆಣಸಿನಕಾಯಿ ಬಿಟ್ಟು ವರ್ಷವಾಗಿತ್ತು. ಬಿಡದೇ ಇದ್ದದ್ದು ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆ. ಜಠರದ ಹುಣ್ಣಿಗೆ ಎರಡು ದೊಡ್ಡ ಕಾರಣಗಳು: ಇಂಥ ನೋವಿನ ಮಾತ್ರೆಗಳು, ಮತ್ತು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ. ಖಾರ ಉರಿಯನ್ನು ಹೆಚ್ಚಿಸಬಹುದು, ಹುಣ್ಣನ್ನು ಹುಟ್ಟಿಸುವುದಿಲ್ಲ. ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. 1984ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮೊದಲು ಎಂಡೋಸ್ಕೋಪಿ ಮಾಡಿಸಿಕೊಂಡು, ತನ್ನ ಜಠರ ಸ್ವಚ್ಛವಾಗಿದೆಯೆಂದು ಖಚಿತಪಡಿಸಿಕೊಂಡು, ಆ ಬ್ಯಾಕ್ಟೀರಿಯ ಬೆಳೆಸಿದ ದ್ರವವನ್ನು ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಮತ್ತೆ ಎಂಡೋಸ್ಕೋಪಿ ಮಾಡಿ ತೆಗೆದ ಚೂರಿನಲ್ಲಿ ಉರಿಯೂತವೂ ಬ್ಯಾಕ್ಟೀರಿಯವೂ ಕಂಡವು. ಅವರಿಗೂ ರಾಬಿನ್ ವಾರೆನ್ ಅವರಿಗೂ 2005ರ ನೊಬೆಲ್ ಬಂತು. ಒಳಗಿಳಿದು ನೋಡಿ, ಚೂರು ತೆಗೆದು ತರುವ ಸಾಧನ ಇಲ್ಲದಿದ್ದರೆ ಈ ಸತ್ಯ ಹೊರಗೆ ಬರುವುದು ಕಷ್ಟವಿತ್ತು.

ದೊಡ್ಡಮ್ಮನ ಜಠರದಿಂದಲೂ ಅಕ್ಕಿಕಾಳಿಗಿಂತ ಸಣ್ಣ ಚೂರುಗಳನ್ನು ತೆಗೆದರು. ಒಂದನ್ನು ಹಳದಿ ಜೆಲ್ ಇರುವ ಪುಟ್ಟ ಕಿಟ್‌ನಲ್ಲಿಟ್ಟರು. ನಾವು ಹೊರಗೆ ಕುಳಿತಿದ್ದಂತೆಯೇ ಅದು ನಿಧಾನವಾಗಿ ಗುಲಾಬಿಗೆ ತಿರುಗಿತು. ಬ್ಯಾಕ್ಟೀರಿಯವೂ ಇದೆ ಎಂದು ಅದರ ಅರ್ಥ. (ಈ ಪರೀಕ್ಷೆಗೆ ಎರಡು ವಾರ ಮುಂಚೆ ಆಸಿಡ್ ಕಡಿಮೆ ಮಾಡುವ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಬ್ಯಾಕ್ಟೀರಿಯ ಇದ್ದೂ ಸಿಗದೆ ಹೋಗಬಹುದು. ಆದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.)

ಉಳಿದ ಚೂರುಗಳು ಬಯಾಪ್ಸಿಗೆ ಹೋದವು. ಆ ಪದ ಕಿವಿಗೆ ಬಿದ್ದದ್ದೇ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, “ಅಂದರೆ ಕ್ಯಾನ್ಸರ್ರೇನೋ?” ಎಂದರು. ಅಲ್ಲ. ಬಯಾಪ್ಸಿ ಎಂದರೆ ಮೈಕ್ರೋಸ್ಕೋಪಿನಡಿ ನೋಡಲು ಚೂರು ತೆಗೆಯುವುದು, ಅಷ್ಟೇ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಗೂ, ಕರುಳಿನ ಕ್ಷಯಕ್ಕೂ ಬಯಾಪ್ಸಿಯೇ ಬೇಕು. ಒಳಪದರಕ್ಕೆ ಚುಚ್ಚಿದ ನೋವು ತಿಳಿಯುವುದಿಲ್ಲ, ಆದ್ದರಿಂದ ಚೂರು ತೆಗೆದದ್ದೇ ಗೊತ್ತಾಗುವುದಿಲ್ಲ. “ಮುಟ್ಟಿದರೆ ಕ್ಯಾನ್ಸರ್ ಹರಡುತ್ತೆ” ಎಂಬ ಮಾತಿಗೂ ಇಲ್ಲಿ ಆಧಾರವಿಲ್ಲ. ಹರಡುವುದು ತಡಮಾಡಿದ್ದರಿಂದ.

“ಯಾರೋ ಮದ್ದು ಹಾಕಿದ್ದಾರೆ”

ಇದನ್ನು ಬರೆಯದೆ ಬಿಟ್ಟರೆ ನಮ್ಮ ನಾಡಿನ ಹೊಟ್ಟೆನೋವಿನ ಕಥೆ ಅರ್ಧವೇ. ಊಟ ಸೇರದೆ, ವಾಂತಿಯಾಗಿ, ತೂಕ ಇಳಿದವರಿಗೆ ಆಗದವರು ಊಟದಲ್ಲಿ ಕೈಮದ್ದು ಇಟ್ಟಿದ್ದಾರೆ, ಅದು ಹೊಟ್ಟೆಯಲ್ಲಿ ಅಂಟಿಕೊಂಡು ಕೂತಿದೆ ಎನ್ನುವವರು ಇಂದಿಗೂ ಇದ್ದಾರೆ. ಮದ್ದು ತೆಗೆಯುವವರ ಬಳಿ ಹೋಗಿ ವಾಂತಿ ಮಾಡಿಸಿಕೊಂಡು ಬರುತ್ತಾರೆ. ವಾಂತಿಯಲ್ಲಿ ಬಂದ ಉಂಡೆಯನ್ನು ತೋರಿಸಿದರೆ ನಂಬದಿರುವುದು ಕಷ್ಟ, ನಂಬಿದವರನ್ನು ನಾನು ಹಳಿಯಲಾರೆ. ಆದರೆ ಜಠರ ಅಂಥ ಜಾಗವಲ್ಲ. ಉಂಡ ಅನ್ನ ಸುಮಾರು ನಾಲ್ಕು ಗಂಟೆಯಲ್ಲಿ ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಜಠರದ ಒಳಪದರದ ಮೇಲ್ಮೈ ಜೀವಕೋಶಗಳೇ ಕೆಲವು ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತವೆ. ಅಂಟಿಕೊಳ್ಳಲು ಅಲ್ಲಿ ಹಳೆಯ ಗೋಡೆಯೇ ಇರುವುದಿಲ್ಲ. ಜಠರದಲ್ಲಿ ನಿಜವಾಗಿ ಉಂಡೆಗಟ್ಟುವ ವಸ್ತುಗಳಲ್ಲಿ ಒಂದು ತಲೆಕೂದಲು. ಕೂದಲು ಕಿತ್ತು ತಿನ್ನುವ ಅಭ್ಯಾಸವಿರುವ ಮಕ್ಕಳಲ್ಲಿ, ಹೆಚ್ಚಾಗಿ ಹುಡುಗಿಯರಲ್ಲಿ, ಕಾಣುತ್ತದೆ. ಅದನ್ನು ತೋರಿಸಿಕೊಡುವುದೂ ಎಂಡೋಸ್ಕೋಪಿಯೇ. ಮದ್ದು ತೆಗೆಸಲು ಅಲೆದ ಆರು ತಿಂಗಳಲ್ಲಿ ಜಠರದ ಕ್ಯಾನ್ಸರ್ ಸುಮ್ಮನೆ ಕಾಯುವುದಿಲ್ಲ.

“ರಕ್ತ ಹೋದರೆ ಮೂಲವ್ಯಾಧಿ”

ಬಹಳ ಸಲ ಹೌದು. ಆದರೆ ನೋಡದೆ ಹೇಳುವಂತಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೇ ರಕ್ತ ತೋರಿಸುತ್ತದೆ, ಮೂಲವ್ಯಾಧಿ ಇರುವವರಿಗೇ ಅದು ಬರಲೂಬಹುದು. ಅದು ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಗಂಟು ಕ್ಯಾನ್ಸರ್ ಆಗಲು ಹತ್ತಿರ ಹತ್ತು ವರ್ಷ ಬೇಕು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯ ಮತ್ತು ವಿಲಿಯಂ ವುಲ್ಫ್ ಅಂಥ ಪಾಲಿಪನ್ನು ಹೊಟ್ಟೆ ಕೊಯ್ಯದೆ, ಕೆಳಗಿನಿಂದ ಬಿಡುವ ಕೊಲೊನೋಸ್ಕೋಪ್ ಎಂಬ ಪೈಪಿನ ಮೂಲಕ ತಂತಿಯ ಕುಣಿಕೆ ಹಾಕಿ ತೆಗೆದರು. ಕ್ಯಾನ್ಸರನ್ನು ಹುಟ್ಟುವ ಮೊದಲೇ ತಡೆಯುವ ದಾರಿ ಅಲ್ಲಿಂದ ತೆರೆಯಿತು. ಕೊಲೊನೋಸ್ಕೋಪಿ ಮಾಡಿಸಿಕೊಂಡವರನ್ನು ಕೇಳಿದರೆ ಪರೀಕ್ಷೆಗಿಂತ ಹಿಂದಿನ ರಾತ್ರಿ ಕುಡಿಯುವ ಎರಡು ಲೀಟರ್ ಔಷಧಿ ನೀರಿನದೇ ಕಷ್ಟ ಎನ್ನುತ್ತಾರೆ. ಅದನ್ನು ಪೂರ್ತಿ ಕುಡಿಯಲೇಬೇಕು. ಕರುಳು ತಿಳಿಯಾಗದಿದ್ದರೆ ಮಲದ ಮರೆಯಲ್ಲಿ ಪಾಲಿಪ್ ಉಳಿದುಬಿಡುತ್ತದೆ. ಕರುಳು ತೂತಾಗುವ ಅಪಾಯ ಇದೆ, ಮುಚ್ಚಿಡಬಾರದು. ಬರೀ ನೋಡುವ ಪರೀಕ್ಷೆಯಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ.

“ದುಬಾರಿ ಪರೀಕ್ಷೆಯೇ ಒಳ್ಳೆಯದು”

“ಸಿಟಿ ಮಾಡಿಸಿಬಿಡಿ, ಪೂರ್ತಿ ಗೊತ್ತಾಗಲಿ” ಎನ್ನುವವರಿದ್ದಾರೆ. ಸಿಟಿ ಕರುಳಿನ ಗೋಡೆ, ಸುತ್ತಲ ಗ್ರಂಥಿಗಳು, ಅಪೆಂಡಿಕ್ಸ್, ಪ್ಯಾಂಕ್ರಿಯಾಸ್ ಎಲ್ಲವನ್ನೂ ಚೆನ್ನಾಗಿ ತೋರಿಸುತ್ತದೆ. ಒಳಪದರದ ಸಣ್ಣ ಹುಣ್ಣನ್ನಲ್ಲ. ಹೊಟ್ಟೆಯ ಒಂದು ಸಿಟಿಯಲ್ಲಿ, ಪ್ರಕೃತಿಯಿಂದ ಮೂರ್ನಾಲ್ಕು ವರ್ಷದಲ್ಲಿ ನಮಗೆ ತಾಗುವಷ್ಟು ವಿಕಿರಣವಿರುತ್ತದೆ. ಅಗತ್ಯವಿದ್ದಾಗ ಹೆದರಬೇಕಿಲ್ಲ, ಕುತೂಹಲಕ್ಕೆ ಮಾಡಿಸಬೇಕಿಲ್ಲ. ಎಂಆರ್‌ಐನಲ್ಲಿ ಈ ವಿಕಿರಣವಿಲ್ಲ. ಪಿತ್ತನಾಳದ ಕಲ್ಲು ನೋಡಲು ಅದು ಬಹಳ ಒಳ್ಳೆಯದು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಹಳೆಯದಾದರೂ ನುಂಗುವ ತೊಂದರೆಗೆ ಇಂದಿಗೂ ಉಪಯುಕ್ತ. ಆ ಸುಣ್ಣದ ತಿಳಿಯಂಥ ದ್ರವ ವಿಷವಲ್ಲ, ಬೇರಿಯಂ ಸಲ್ಫೇಟ್ ಹೊಟ್ಟೆಯಲ್ಲಿ ಕರಗುವುದಿಲ್ಲ.

ಇನ್ನು ಮಾತ್ರೆಯಂತೆ ನುಂಗುವ ಕ್ಯಾಮೆರಾ. “ಅದೇ ಇರುವಾಗ ಪೈಪು ಯಾಕೆ” ಎಂದು ಕೇಳುತ್ತಾರೆ. ಬಾಯಿಂದ ಹೋದ ಪೈಪೂ ಕೆಳಗಿನಿಂದ ಹೋದ ಪೈಪೂ ಸಾಮಾನ್ಯವಾಗಿ ತಲುಪದ ಆರೇಳು ಮೀಟರ್ ಸಣ್ಣ ಕರುಳಿಗಾಗಿ ಇರುವ ಸಾಧನ ಅದು. ಚೂರು ತೆಗೆಯಲಾರದು, ರಕ್ತ ನಿಲ್ಲಿಸಲಾರದು, ಕರುಳು ಎಲ್ಲಾದರೂ ಕಿರಿದಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳಬಹುದು.

ದೊಡ್ಡಮ್ಮನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಹದಿನಾಲ್ಕು ದಿನ ಆಂಟಿಬಯಾಟಿಕ್, ಆಸಿಡ್ ತಗ್ಗಿಸುವ ಮಾತ್ರೆ, ನೋವಿನ ಮಾತ್ರೆಗೆ ವಿದಾಯ. ಜಠರದ ಹುಣ್ಣು ಮಾಯಿತೇ ಎಂದು ಮತ್ತೊಮ್ಮೆ ನೋಡಬೇಕಿತ್ತು. ಎರಡು ತಿಂಗಳ ನಂತರ ತಾವಾಗಿಯೇ ಬಂದು ಎಡಮಗ್ಗುಲಿಗೆ ಮಲಗಿದರು. ಹುಣ್ಣಿದ್ದ ಕಡೆ ತೆಳು ಗುಲಾಬಿ ಕಲೆ ಮಾತ್ರ ಇತ್ತು.

ನುಂಗುವಾಗ ಅನ್ನ ಎದೆಯಲ್ಲಿ ನಿಂತಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆಗೆ ಕಾರಣ ಸಿಗದಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನೂ ಹೇಳಿ), ಮಲದಲ್ಲಿ ರಕ್ತ ಕಂಡರೆ, ಇನ್ನೊಂದು ಸ್ಕ್ಯಾನಿಂಗ್‌ಗೆ ಚೀಟಿ ಬರೆಸಿಕೊಳ್ಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪೈಪಿನ ಪರೀಕ್ಷೆಗೆ ಮೊದಲೇ ತಿಳಿಸಿ, ಹಳೆಯ ರಿಪೋರ್ಟುಗಳ ಕವರ್ ಜೊತೆಗಿರಲಿ. ಮತ್ತು ಡಾಕ್ಟರನ್ನು ನೇರವಾಗಿ ಕೇಳಿ: “ನನ್ನ ತೊಂದರೆ ಇರುವ ಜಾಗವನ್ನು ಯಾವ ಪರೀಕ್ಷೆ ನೋಡುತ್ತದೆ?”