ಕಾರುಗಳ ಸ್ವಭಾವವೇಕೆ ಬೇರೆ ಬೇರೆ?

ಕಾರುಗಳಲ್ಲಿ ಆಸಕ್ತಿಯುಳ್ಳ ನಾಲ್ಕು ಮಂದಿ ಒಂದೆಡೆ ಸೇರಿದರೆಂದರೆ ಚರ್ಚೆಗೆ ಕೊನೆಯೆಂಬುದಿಲ್ಲ. ಒಬ್ಬನು ಸ್ಪೋರ್ಟ್ಸ್ ಕಾರನ್ನು ಹೊಗಳುತ್ತಾನೆ: ಅದು ರಸ್ತೆಗೆ ಅಂಟಿಕೊಂಡು ಓಡುತ್ತದೆ, ಕೈಸನ್ನೆಗೆ ತಿರುಗುತ್ತದೆ. ಇನ್ನೊಬ್ಬನು ಐಷಾರಾಮದ ಕಾರಿನ ಪಕ್ಷ ವಹಿಸುತ್ತಾನೆ: ಹಳ್ಳದಿಣ್ಣೆಗಳ ಮೇಲೆ ಅದು ತೊಟ್ಟಿಲಿನಂತೆ ತೂಗುತ್ತ ಸಾಗುತ್ತದೆ. ಮೂರನೆಯವನು ಒಂದು ಕಾರನ್ನು ಹೆಸರಿಸಿ ಅದು ತಿರುವಿನಲ್ಲಿ ಬಾಲ ಬೀಸುತ್ತದೆ ಎಂದರೆ, ನಾಲ್ಕನೆಯವನು ಮತ್ತೊಂದನ್ನು ಹೆಸರಿಸಿ ಅದು ಮೂಗು ತಿರುಗಿಸಲೊಲ್ಲದು ಎನ್ನುತ್ತಾನೆ. ಹಿಂದಿನವರು ಕುದುರೆಯ ಸುಳಿಯನ್ನೂ ಎತ್ತಿನ ಗುಣವನ್ನೂ ಕುರಿತು ಆಡುತ್ತಿದ್ದ ಮಾತುಗಳಂತೆಯೇ ಇವು ಕೇಳಿಸುತ್ತವೆ. ಆದರೆ ಕುದುರೆಗೆ ಜೀವವಿದೆ, ಕಾರಿಗಿಲ್ಲ. ಉಕ್ಕು, ರಬ್ಬರು, ಗಾಜುಗಳಿಂದಾದ ಯಂತ್ರಕ್ಕೆ ಸ್ವಭಾವವೆಂಬುದು ಎಲ್ಲಿಂದ ಬಂದಿತು?

ಇದಕ್ಕೆ ಉತ್ತರ ಕಂಡುಕೊಳ್ಳಲು ಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಸಾಕು. ಆದರೆ ಉತ್ತರವು ಹರಟೆಗಷ್ಟೇ ಬೇಕಾದುದೆಂದು ಭಾವಿಸಬಾರದು. ಇದೇ ಸ್ವಭಾವಭೇದದಿಂದ ಪ್ರಾಣ ಉಳಿದದ್ದೂ ಉಂಟು, ಪ್ರಾಣ ಹೋದದ್ದೂ ಉಂಟು.

ನಾಲ್ಕು ಅಂಗೈಗಳ ಹಿಡಿತ

ಕಾರು ಎಷ್ಟೇ ದೊಡ್ಡದಾಗಿರಲಿ, ಅದು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆಗಳಲ್ಲಿ. ಆ ಸ್ಪರ್ಶದ ಅಳತೆಯೆಷ್ಟು? 1,200 ಕಿಲೋಗ್ರಾಂ ತೂಕದ ಒಂದು ಕಾರನ್ನು ತೆಗೆದುಕೊಳ್ಳೋಣ. ಅದರ ಟೈರುಗಳಲ್ಲಿ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಇರಲಿ. ತೂಕವನ್ನು ಒತ್ತಡದಿಂದ ಭಾಗಿಸಿದರೆ 600 ಚದರ ಸೆಂಟಿಮೀಟರ್ ಬರುತ್ತದೆ. ಎಂದರೆ ಒಂದೊಂದು ಟೈರಿಗೆ ಸುಮಾರು 150 ಚದರ ಸೆಂಟಿಮೀಟರ್. ಇದು ನಮ್ಮ ಅಂಗೈ ಮತ್ತು ಬೆರಳುಗಳು ಆವರಿಸುವಷ್ಟು ಜಾಗ. ಕಾರು ಮುನ್ನುಗ್ಗುವುದೂ ನಿಲ್ಲುವುದೂ ತಿರುಗುವುದೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ.

ಚಲಿಸುತ್ತಿರುವ ವಸ್ತು ನೇರವಾಗಿಯೇ ಚಲಿಸಬಯಸುವುದೆಂಬುದು ನ್ಯೂಟನ್ನನ ಮೊದಲ ನಿಯಮ. ಅದನ್ನು ವೃತ್ತದ ದಾರಿಗೆ ಎಳೆಯಬೇಕಾದರೆ ಒಳಮುಖವಾದ ಬಲವೊಂದು ಬೇಕು. ಈ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಿಂದ ಹೋಗುವ ಕಾರಿಗೆ ಅದರ ತೂಕದ ಐದನೆಯ ಒಂದು ಭಾಗದಷ್ಟು ಬಲ ಸಾಕು. ವೇಗವು ಇಮ್ಮಡಿಸಿ 72 ಕಿಲೋಮೀಟರ್ ಆದರೆ ಬೇಕಾಗುವ ಬಲ ನಾಲ್ಮಡಿಯಾಗಿ ತೂಕದ ಐದನೆಯ ನಾಲ್ಕು ಭಾಗಗಳನ್ನು ಮುಟ್ಟುತ್ತದೆ. ಒಣ ರಸ್ತೆಯಲ್ಲಿ ಸಾಮಾನ್ಯ ಟೈರುಗಳ ಶಕ್ತಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಮಳೆಯಲ್ಲಿ ಅದಕ್ಕೂ ಮೊದಲೇ ಮುಗಿಯುತ್ತದೆ. ಈ ಲೆಕ್ಕ ಸ್ಪೋರ್ಟ್ಸ್ ಕಾರಿಗೂ ಐಷಾರಾಮದ ಕಾರಿಗೂ ಒಂದೇ. ಅವು ಬೇರೆಯಾಗುವುದು ಇರುವ ಹಿಡಿತವನ್ನು ಬಳಸುವ ರೀತಿಯಲ್ಲಿ.

ಸ್ಪ್ರಿಂಗಿನ ಲೆಕ್ಕ

ಮೊದಲನೆಯ ಭೇದ ಸ್ಪ್ರಿಂಗುಗಳದು. ಹೊರೆಯನ್ನು ಹೊತ್ತ ಸ್ಪ್ರಿಂಗು ಎಷ್ಟು ಕುಗ್ಗುವುದೋ ಅದನ್ನನುಸರಿಸಿ ಅದರ ಆಂದೋಲನದ ಕಾಲ ನಿರ್ಧಾರವಾಗುತ್ತದೆ. ಕಾರಿನ ಭಾರಕ್ಕೆ ಸ್ಪ್ರಿಂಗು ಸುಮಾರು 25 ಸೆಂಟಿಮೀಟರ್ ಕುಗ್ಗಿದರೆ ಕಾರು ಸೆಕೆಂಡಿಗೆ ಒಂದು ಸಲ ಮೇಲೆ ಕೆಳಗೆ ಆಡುತ್ತದೆ. 6 ಸೆಂಟಿಮೀಟರ್ ಮಾತ್ರ ಕುಗ್ಗಿದರೆ ಸೆಕೆಂಡಿಗೆ ಎರಡು ಸಲ ಆಡುತ್ತದೆ. ಸೆಕೆಂಡಿಗೆ ಒಂದರ ಆಸುಪಾಸಿನ ಮಂದ ತೂಗಾಟ ಮನುಷ್ಯನ ದೇಹಕ್ಕೆ ಹಿತ. ಆದುದರಿಂದ ಐಷಾರಾಮದ ಕಾರನ್ನು ನಿರ್ಮಿಸುವವರು ಮೆದುವಾದ ಸ್ಪ್ರಿಂಗುಗಳನ್ನು ಆರಿಸುತ್ತಾರೆ.

ಆದರೆ ಈ ಸುಖಕ್ಕೆ ಬೆಲೆ ತೆರಬೇಕು. ಮೆದುವಾದ ಸ್ಪ್ರಿಂಗಿನ ಮೇಲೆ ಕುಳಿತ ಕಾರು ತಿರುವಿನಲ್ಲಿ ಹೊರಮಗ್ಗುಲಿಗೆ ವಾಲುತ್ತದೆ, ಬ್ರೇಕು ಹಾಕಿದೊಡನೆ ಮೂಗು ತಗ್ಗಿಸುತ್ತದೆ. ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದ ಮೇಲೆ ಒಡಲು ವಾಲಿ ನೆಲೆ ನಿಲ್ಲುವವರೆಗೆ ಕೊಂಚ ಹೊತ್ತು ಹಿಡಿಯುತ್ತದೆ. ಗಡುಸಾದ ಸ್ಪ್ರಿಂಗುಗಳ ಸ್ಪೋರ್ಟ್ಸ್ ಕಾರಿನಲ್ಲಿ ಈ ವಿಳಂಬವಿಲ್ಲ. ಚಾಲಕನ ಕೈ ಆಡಿದೊಡನೆ ಕಾರೂ ಆಡುತ್ತದೆ. ಹಾಗೆಯೇ ರಸ್ತೆಯ ಪ್ರತಿಯೊಂದು ಕಲ್ಲೂ ಅವನ ಬೆನ್ನುಮೂಳೆಗೆ ತಿಳಿಯುತ್ತದೆ.

ತೇಲುವ ಕಾರು

ಈ ಬೆಲೆಯನ್ನು ತಗ್ಗಿಸಲು ಮಾಡಿದ ಪ್ರಯತ್ನಗಳಲ್ಲಿ ಅತ್ಯಂತ ಜಾಣತನದ್ದು ಫ್ರಾನ್ಸಿನ ಸಿಟ್ರೋಯೆನ್ ಕಂಪೆನಿಯದು. 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಡಿಎಸ್ 19 ಎಂಬ ಕಾರನ್ನು ಜನರ ಮುಂದಿಟ್ಟಿತು. ಪೌಲ್ ಮಾಜೆಸ್ ಎಂಬ ತಂತ್ರಜ್ಞನು ಇದರಲ್ಲಿ ಉಕ್ಕಿನ ಸ್ಪ್ರಿಂಗುಗಳನ್ನು ಕೈಬಿಟ್ಟು, ಒಂದೊಂದು ಚಕ್ರಕ್ಕೂ ಸಾರಜನಕವನ್ನು ತುಂಬಿದ ಒಂದೊಂದು ಲೋಹದ ಗೋಳವನ್ನು ಅಳವಡಿಸಿದ್ದನು. ಚಕ್ರ ಮೇಲೆದ್ದಾಗ ಎಣ್ಣೆಯಂಥ ದ್ರವವು ಗೋಳದೊಳಕ್ಕೆ ನುಗ್ಗಿ ಅನಿಲವನ್ನು ಅದುಮುತ್ತದೆ; ಅದುಮಿದಷ್ಟೂ ಅನಿಲ ಗಡುಸಾಗುತ್ತದೆ. ಸಣ್ಣ ಕುಲುಕಿಗೆ ಮೃದು, ದೊಡ್ಡ ಪೆಟ್ಟಿಗೆ ಕಠಿಣ! ಹಿಂದಿನ ಆಸನದಲ್ಲಿ ಮೂವರು ಕುಳಿತು ಕಾರು ಕುಸಿದರೆ ಪಂಪು ಇನ್ನಷ್ಟು ದ್ರವವನ್ನು ತಳ್ಳಿ ಕಾರನ್ನು ಮೊದಲಿನ ಎತ್ತರಕ್ಕೆ ತರುತ್ತದೆ.

ಈ ಕಾರಿನ ವಿಚಿತ್ರಗಳೂ ಇದೇ ಮೂಲದಿಂದ ಬಂದವು. ಇಂಜಿನು ನಿಲ್ಲಿಸಿ ಹೋದರೆ ಒತ್ತಡವಿಳಿದು ಕಾರು ಮೆಲ್ಲನೆ ನೆಲದತ್ತ ಕೂರುತ್ತದೆ. ಮತ್ತೆ ಚಾಲೂ ಮಾಡಿದಾಗ ಮಲಗಿದ ಒಂಟೆಯಂತೆ ಏಳುತ್ತದೆ. ಬ್ರೇಕಿಗೆ ಪೆಡಲಿನ ಬದಲು ಅಣಬೆಯಾಕಾರದ ರಬ್ಬರು ಗುಂಡಿಯೊಂದಿತ್ತು. ಅದು ಪಾದದ ಚಲನೆಯನ್ನಲ್ಲ, ಒತ್ತಡವನ್ನು ಅರಿಯುತ್ತಿತ್ತು. ಹೊಸಬರು ವಾಡಿಕೆಯಂತೆ ತುಳಿದರೆ ಕಾರು ಗಕ್ಕನೆ ನಿಂತು ಒಳಗಿದ್ದವರು ಮುಗ್ಗರಿಸುತ್ತಿದ್ದರು. ಆದರೆ 1962ರ ಆಗಸ್ಟ್ 22ರಂದು ಪ್ಯಾರಿಸ್ ಸಮೀಪದ ಪೆಟಿ ಕ್ಲಾಮಾರಿನಲ್ಲಿ ಹಂತಕರು ಅಧ್ಯಕ್ಷ ಡಿ ಗಾಲ್ ಅವರ ಡಿಎಸ್ ಮೇಲೆ ಗುಂಡಿನ ಮಳೆಗರೆದಾಗ, ಟೈರುಗಳು ಒಡೆದರೂ ಚಾಲಕನು ಕಾರನ್ನು ಹತೋಟಿಯಲ್ಲಿಟ್ಟು ವೇಗವಾಗಿ ಪಾರುಮಾಡಿದನು. ಅಧ್ಯಕ್ಷರಿಗೂ ಅವರ ಪತ್ನಿಗೂ ಗಾಯವಾಗಲಿಲ್ಲ. ಚಾಲಕನ ಸಮಯಸ್ಫೂರ್ತಿಯೊಡನೆ ಕಾರಿನ ಸ್ಥೈರ್ಯಕ್ಕೂ ಜನರು ಕೀರ್ತಿಯನ್ನು ಸಲ್ಲಿಸಿದರು.

ಭಾರ ಎಲ್ಲಿದೆ?

ಆ ಸ್ಥೈರ್ಯದ ಗುಟ್ಟು ಗೋಳಗಳಲ್ಲಿ ಮಾತ್ರ ಇರಲಿಲ್ಲ. ಡಿಎಸ್ ಕಾರಿನ ಇಂಜಿನು ಮುಂದೆ. ಎಳೆಯುವುದೂ ಮುಂದಿನ ಚಕ್ರಗಳೇ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 3.125 ಮೀಟರಿನ ದೀರ್ಘ ಅಂತರ. ಇದಕ್ಕೆ ತೀರ ವಿರುದ್ಧವಾದ ಕಾರೊಂದು 1963ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದೇ ಮುಂದೆ 911 ಎಂದು ಹೆಸರಾದ ಪೋರ್ಷೆ. ಅದರ ಅಚ್ಚುಗಳ ಅಂತರ 2.211 ಮೀಟರ್ ಮಾತ್ರ; ಆರು ಸಿಲಿಂಡರುಗಳ ಇಂಜಿನು ಹಿಂದಿನ ಅಚ್ಚಿಗಿಂತಲೂ ಹಿಂದೆ ತೂಗಿಕೊಂಡಿತ್ತು. ಎಳೆಯುವ ಚಕ್ರಗಳ ಮೇಲೆ ಭಾರ ಹೆಚ್ಚಾಗಿದ್ದುದರಿಂದ ತಿರುವನ್ನು ದಾಟಿ ಹೊರಬರುವಾಗ ಅದು ಬಾಣದಂತೆ ನುಗ್ಗಬಲ್ಲುದಾಗಿತ್ತು.

ಅದೇ ಭಾರವು ಅಪಾಯವನ್ನೂ ಒಡ್ಡುತ್ತಿತ್ತು. ವೇಗವಾಗಿ ತಿರುವನ್ನು ಪ್ರವೇಶಿಸಿದ ಚಾಲಕನೊಬ್ಬನು ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದನೆನ್ನಿ. ಕಾರಿನ ವೇಗ ತಗ್ಗುವುದರಿಂದ ಜಡತ್ವದ ಕಾರಣ ಭಾರದ ಒಂದು ಪಾಲು ಮುಂದಿನ ಚಕ್ರಗಳ ಮೇಲೆ ಸರಿಯುತ್ತದೆ. ಹಿಂದಿನ ಟೈರುಗಳ ಹಿಡಿತ ಆ ಮಟ್ಟಿಗೆ ಸಡಿಲುತ್ತದೆ. ಹಿಂದೆ ತೂಗುತ್ತಿರುವ ಇಂಜಿನು ಲೋಲಕದ ಗುಂಡಿನಂತೆ ಹೊರಕ್ಕೆ ಬೀಸುತ್ತದೆ, ಕಾರು ಬುಗುರಿಯಂತೆ ಸುತ್ತಬಹುದು. ಕಂಪೆನಿಯವರು ಮೊದಲು ಮುಂದಿನ ಬಂಪರಿನೊಳಗೆ ಬೀಡುಕಬ್ಬಿಣದ ತೂಕಗಳನ್ನಿಟ್ಟು ಸರಿದೂಗಿಸಿದರು. ಬಳಿಕ 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿದರು. ಸುಮಾರು ಮೂರು ಬೆರಳುಗಳ ಅಗಲದಷ್ಟಿರುವ ಈ ಅಂತರವೂ ಕಾರಿನ ಸ್ವಭಾವವನ್ನು ತಿದ್ದಿತು.

ಊನತಿರುವು, ಅತಿತಿರುವು

ತಿರುವಿನಲ್ಲಿ ರಬ್ಬರು ಟೈರು ತಾನು ಮುಖ ಮಾಡಿದ ದಿಕ್ಕಿನಲ್ಲಿಯೇ ಸಾಗುವುದಿಲ್ಲ; ಕೊಂಚ ಹೊರಕ್ಕೆ ಸರಿಯುತ್ತ ಸಾಗುತ್ತದೆ. ಈ ಎರಡು ದಿಕ್ಕುಗಳ ನಡುವಣ ಕೋನವನ್ನು ಜಾರುಕೋನವೆನ್ನೋಣ. ಮುಂದಿನ ಟೈರುಗಳ ಜಾರುಕೋನ ಹೆಚ್ಚಾದರೆ ಕಾರು ಚಾಲಕನು ಬಯಸಿದ್ದಕ್ಕಿಂತ ಕಡಿಮೆ ತಿರುಗುತ್ತದೆ. ಇದು ಊನತಿರುವು, ತಂತ್ರಜ್ಞರು ಇದನ್ನು ಅಂಡರ್‌ಸ್ಟಿಯರ್ ಎನ್ನುವರು. ಹಿಂದಿನವುಗಳ ಜಾರುಕೋನ ಹೆಚ್ಚಾದರೆ ಬೇಕಾದುದಕ್ಕಿಂತ ಹೆಚ್ಚು ತಿರುಗುತ್ತದೆ. ಇದು ಅತಿತಿರುವು ಅಥವಾ ಓವರ್‌ಸ್ಟಿಯರ್. ಮೂಗು ತಿರುಗಿಸದ ಕಾರು, ಬಾಲ ಬೀಸುವ ಕಾರು ಎಂಬ ಮಾತುಗಳ ಅರ್ಥ ಇಷ್ಟೆ.

ಇವೆರಡರಲ್ಲಿ ಯಾವುದು ಮೇಲು? ನುರಿತ ಚಾಲಕನಿಗೆ ತುಸು ಅತಿತಿರುವು ಪ್ರಿಯವಾಗಬಹುದು. ಆದರೆ ಸಾಮಾನ್ಯನು ಗಾಬರಿಗೊಂಡಾಗ ಏನು ಮಾಡುತ್ತಾನೆಂಬುದನ್ನು ನೋಡಬೇಕು. ಅವನು ಕಾಲನ್ನು ಹಿಂದೆಗೆಯುತ್ತಾನೆ, ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸುತ್ತಾನೆ. ಊನತಿರುವಿನ ಕಾರಿನಲ್ಲಿ ಕಾಲು ತೆಗೆದೊಡನೆ ಭಾರ ಮುಂದೆ ಸರಿದು ಮುಂದಿನ ಟೈರುಗಳ ಹಿಡಿತ ಹೆಚ್ಚುತ್ತದೆ, ವೇಗ ತಗ್ಗುತ್ತದೆ, ಕಾರು ಬಹುಮಟ್ಟಿಗೆ ದಾರಿಗೆ ಮರಳುತ್ತದೆ. ಅತಿತಿರುವಿನ ಕಾರಿನಲ್ಲಿ ಅದೇ ಸಹಜಕ್ರಿಯೆ ಅನಾಹುತವನ್ನು ಹೆಚ್ಚಿಸುತ್ತದೆ. ಆದುದರಿಂದಲೇ ಸಾರ್ವಜನಿಕರಿಗೆ ಮಾರುವ ಕಾರುಗಳಿಗೆ ನಿರ್ಮಾಪಕರು ಬೇಕೆಂದೇ ಕೊಂಚ ಊನತಿರುವನ್ನು ಕೊಡುತ್ತಾರೆ.

ಅಮೆರಿಕದಲ್ಲಿ 1960ರ ಮಾದರಿಯಾಗಿ ಮಾರಾಟಕ್ಕೆ ಬಂದ ಷೆವರ್ಲೆ ಕಾರ್ವೇರ್ ಎಂಬ ಕಾರಿಗೂ ಇಂಜಿನು ಹಿಂದೆಯೇ ಇತ್ತು. ಮುಂದಿನ ಟೈರುಗಳಲ್ಲಿ ಚದರಂಗುಲಕ್ಕೆ 15 ಪೌಂಡು, ಹಿಂದಿನವುಗಳಲ್ಲಿ 26 ಪೌಂಡು ಒತ್ತಡವಿರಬೇಕೆಂದು ಅದರ ತಯಾರಕರು ವಿಧಿಸಿದ್ದರು. ಮುಂದಿನ ಟೈರುಗಳು ಹೆಚ್ಚು ಜಾರಿ ಊನತಿರುವು ಉಂಟಾಗಲೆಂಬುದು ಇದರ ಉದ್ದೇಶ. ನಾಲ್ಕಕ್ಕೂ ಒಂದೇ ಸಮನೆ ಗಾಳಿ ತುಂಬಿಸುವ ವಾಡಿಕೆಯುಳ್ಳ ಜನರಿಗೆ ಇದರ ಮಹತ್ವ ಹೇಗೆ ತಿಳಿಯಬೇಕು? 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲನು ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲೇ ಈ ಕಾರನ್ನು ಖಂಡಿಸಿದನು. 1972ರಲ್ಲಿ ಸರಕಾರಿ ಪರಿಶೀಲನೆಯೊಂದು ಕಾರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದಲ್ಲವೆಂದಿತು. ಆದರೆ ಅಷ್ಟರಲ್ಲಿ, 1966ರಲ್ಲೇ, ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂದಿತ್ತು. ಅಪಘಾತವಾದರೆ ತಪ್ಪು ಚಾಲಕನದೇ ಎಂದು ಕೈತೊಳೆದುಕೊಳ್ಳುವ ಕಾಲ ಮುಗಿದಿತ್ತು.

ವಿದ್ಯುನ್ಮಾನದ ಕಾವಲು

ಈಚಿನ ದಶಕಗಳಲ್ಲಿ ಈ ಕೆಲಸಕ್ಕೆ ಹೊಸ ಕಾವಲುಗಾರರು ಬಂದಿದ್ದಾರೆ. ಬ್ರೇಕು ಹಾಕಿದಾಗ ಚಕ್ರಗಳು ಸ್ತಂಭಿಸದಂತೆ ತಡೆಯುವ ವಿದ್ಯುನ್ಮಾನ ಏರ್ಪಾಟು 1978ರಲ್ಲಿಯೂ, ಕಾರು ತನ್ನ ದಿಕ್ಕು ತಪ್ಪದಂತೆ ಕಾಯುವ ಏರ್ಪಾಟು 1995ರಲ್ಲಿಯೂ ಮರ್ಸಿಡಿಸ್-ಬೆಂಜ್ ಕಂಪೆನಿಯ ಐಷಾರಾಮದ ಕಾರುಗಳಲ್ಲಿ ಬಂದವು. ಎರಡನೆಯದು ಚಾಲಕನು ಬಯಸಿದ ದಿಕ್ಕನ್ನೂ ಕಾರು ನಿಜವಾಗಿ ಹೊರಳುತ್ತಿರುವ ರೀತಿಯನ್ನೂ ಹೋಲಿಸಿ ನೋಡುತ್ತದೆ. ಬಾಲ ಹೊರಬೀಸಿದರೆ ಮುಂದಿನ ಹೊರಚಕ್ರಕ್ಕೂ, ಮೂಗು ತಿರುಗದಿದ್ದರೆ ಹಿಂದಿನ ಒಳಚಕ್ರಕ್ಕೂ ತಾನಾಗಿಯೇ ಬ್ರೇಕು ಹಾಕುತ್ತದೆ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ರಸ್ತೆಗೆ ಎಲ್ಕ್ ಮೃಗ ಅಡ್ಡಬಂದಾಗ ತಪ್ಪಿಸಿಕೊಳ್ಳುವ ಪರೀಕ್ಷೆಯನ್ನು ನಡೆಸಿದಾಗ, ಅದೇ ಕಂಪೆನಿಯ ಎತ್ತರವಾದ ಪುಟ್ಟ ಕಾರೊಂದು ಮಗುಚಿ ಬಿದ್ದಿತು. ಕಂಪೆನಿಯು ಆ ಮಾದರಿಯ ಎಲ್ಲ ಕಾರುಗಳಿಗೂ ಈ ಕಾವಲನ್ನು ಒದಗಿಸಬೇಕಾಯಿತು. ಐಷಾರಾಮವೆನಿಸಿದ್ದ ಸಾಧನವು ಸಾಮಾನ್ಯರ ಕಾರಿಗೆ ಇಳಿದು ಬಂದುದು ಹೀಗೆ.

ಆದರೆ ಒಂದು ಮಾತನ್ನು ಮರೆಯಬಾರದು. ಈ ಏರ್ಪಾಟುಗಳು ಇರುವ ಹಿಡಿತವನ್ನು ಜಾಣತನದಿಂದ ಹಂಚಬಲ್ಲವೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರವು. ವೇಗದ ವರ್ಗದ ಲೆಕ್ಕ ಯಾವ ಯಂತ್ರಕ್ಕೂ ರಿಯಾಯಿತಿ ಕೊಡುವುದಿಲ್ಲ. ನಮ್ಮ ಓದುಗರಲ್ಲಿ ಹಲವರು ಇಂದೋ ನಾಳೆಯೋ ಚಾಲನೆಯನ್ನು ಕಲಿಯುವವರು. ಯಾವ ಕಾರು ಎಷ್ಟು ವೇಗವಾಗಿ ಓಡಬಲ್ಲುದೆಂದು ಕೇಳುವುದರ ಜೊತೆಗೆ, ನಾವು ಹೆದರಿ ಕಾಲು ತೆಗೆದಾಗ ಅದು ಏನು ಮಾಡುತ್ತದೆಂದೂ ಅವರು ಕೇಳಲಿ. ಮಳೆ ಬಿದ್ದ ತಿರುವಿಗೆ ಬರುವ ಮುನ್ನವೇ ವೇಗವನ್ನು ತಗ್ಗಿಸುವ ಚಾಲಕನಿಗೆ ಆ ಎರಡನೆಯ ಪ್ರಶ್ನೆಯ ಉತ್ತರವನ್ನು ರಸ್ತೆಯ ಮೇಲೆ ಕಲಿಯಬೇಕಾದ ಪ್ರಸಂಗ ಬರುವುದು ವಿರಳ.