ಭಕ್ತರಿಗಾಗಿ ದೇವರ ಪೈಪೋಟಿ

ಊರ ನಡುವೆ ಉಗ್ರಾಣ, ಅದಕ್ಕೆ ಬಾವುಟಗಳು. ಕಾಳು ಸಾಲದಿದ್ದರೆ ಒಂದು ಮೇಲೇರುತ್ತದೆ, ಕಟ್ಟಿಗೆ ಸಾಲದಿದ್ದರೆ ಇನ್ನೊಂದು. ‘ಬ್ಲ್ಯಾಕ್ ಅಂಡ್ ವೈಟ್’ ಎಂಬ ಕಂಪ್ಯೂಟರ್ ಆಟದಲ್ಲಿ ದೇವರ ಕೆಲಸ ಶುರುವಾಗುವುದೇ ಈ ಬಾವುಟ ನೋಡುವುದರಿಂದ. ಆಡುವವನೇ ದೇವರು, ಪರದೆಯ ಮೇಲೆ ಅವನಿಗಿರುವುದು ಒಂದು ಕೈ. ಅದೇ ಕೈಯಿಂದ ಮರ ಕಿತ್ತು ಉಗ್ರಾಣಕ್ಕೆ ಹಾಕಬಹುದು, ಬಂಡೆ ಎತ್ತಿ ಮನೆಗಳ ಮೇಲೂ ಒಗೆಯಬಹುದು.

2001ರಲ್ಲಿ ಬಂದ ಇದನ್ನು ತಯಾರಿಸಿದ್ದು ಇಂಗ್ಲೆಂಡಿನ ಲಯನ್‌ಹೆಡ್ ಸ್ಟುಡಿಯೋ; ರೂಪಿಸಿದವರು ಪೀಟರ್ ಮೋಲಿನ್ಯೂ. ಅವರ 1989ರ ‘ಪಾಪ್ಯುಲಸ್’ನಲ್ಲೂ ಒಳ್ಳೆಯ ದೇವರು, ಕೆಟ್ಟ ದೇವರು ಭಕ್ತರಿಗಾಗಿ ಕಾದಾಡುತ್ತಾರೆ. ಅಲ್ಲಿ ಪಕ್ಷ ಮೊದಲೇ ಗೊತ್ತು. ಇಲ್ಲಿ ನಡತೆ ನೋಡಿ ತೀರ್ಮಾನ: ಕ್ರೂರಿಯಾದವನ ಕೈ ವಿಕಾರವಾಗಿ ಉಗುರುಗಳು ಚೂಪಾಗುತ್ತವೆ, ಗುಡಿಯೂ ಭಯಾನಕವಾಗುತ್ತದೆ.

ಹುನ್ನೂರಿನ ನಮ್ಮ ಮನೆಯಲ್ಲಿ ಇದನ್ನು ಆಡುವವನು ತಂಗಿಯ ಮಗ. ಪಕ್ಕದ ಊರಿಗೆ ಬೆಂಕಿಯುಂಡೆ ಎಸೆದು, “ಮಾಮಾ, ಹಿಂಗ ಮಾಡಿದ್ರ ಲಗೂನ ನಂಬ್ತಾರ್ರಿ” ಅಂದ.

“ನಂಬ್ತಾರ, ಖರೆ. ಮನಿ ಸುಟ್ಟ ಮ್ಯಾಲ ಪೂಜಿ ಮಾಡಾಕ ಯಾರ ಉಳೀತಾರ ತಮ್ಮಾ?”

ಆಟದ ಗುಟ್ಟು ಇಲ್ಲೇ ಇದೆ. ಪವಾಡಕ್ಕೆ ಬೇಕಾದ ಶಕ್ತಿ ಬರುವುದು ಗುಡಿಯ ಮುಂದೆ ಪ್ರಾರ್ಥಿಸುವ ಜನರಿಂದ. ಅವರಿಗೂ ಹಸಿವಾಗುತ್ತದೆ, ದಣಿವಾಗುತ್ತದೆ. ಎಲ್ಲರನ್ನೂ ಗುಡಿಗೆ ಕಳಿಸಿದರೆ ಹೊಲದಲ್ಲಿ ದುಡಿಯುವವರಿಲ್ಲ. ಬಲಿ ಕೊಟ್ಟರೆ ಶಕ್ತಿ ತಟ್ಟನೆ ಸಿಗುತ್ತದೆ, ಜನ ಕಡಿಮೆಯಾಗುತ್ತಾರೆ. ಪರವೂರನ್ನು ಗೆಲ್ಲಲು ಅಲ್ಲಿಯವರು ಬೆರಗಾಗಬೇಕು. ಒಂದೇ ಪವಾಡ ಮತ್ತೆ ಮತ್ತೆ ಮಾಡಿದರೆ ಅವರಿಗೆ ಬೇಸರ. ನಮ್ಮ ಕಡೆ ಹರದೇಶಿ-ನಾಗೇಶಿ ಮೇಳಗಳು ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ರಾತ್ರಿಯಿಡೀ ಸವಾಲು-ಜವಾಬು ಹಾಡುವಾಗ, ಹಾಡಿದ್ದನ್ನೇ ಹಾಡಿದವರ ಮುಂದೆ ಜನ ಕೂರುವುದಿಲ್ಲ. ಆಟದಲ್ಲೂ ಹಾಗೆಯೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದೇವರು ಸಾಕುವ ಪ್ರಾಣಿ. ಕೋತಿ, ಹುಲಿ, ಆಕಳುಗಳಲ್ಲಿ ಹುಡುಗ ಆರಿಸಿದ್ದು ಆಕಳನ್ನೇ. ಅದು ಬೆಟ್ಟದಷ್ಟು ಬೆಳೆಯುತ್ತದೆ, ನಮ್ಮನ್ನು ನೋಡಿ ಕಲಿಯುತ್ತದೆ. ಮನುಷ್ಯನನ್ನು ನುಂಗಿದರೆ ಆ ಕ್ಷಣವೇ ಹೊಡೆಯಬೇಕು, ಕಾಳು ಹೊತ್ತು ತಂದರೆ ಮೈ ಸವರಬೇಕು. ತಡವಾದರೆ ಯಾವುದಕ್ಕೆ ಪೆಟ್ಟು ಬಿತ್ತೆಂದು ಅದಕ್ಕೆ ತಿಳಿಯದು. ಹೀಗೆ ಕಲಿಯುವ ಬುದ್ಧಿಯನ್ನು ಹೆಣೆದವರು ರಿಚರ್ಡ್ ಇವಾನ್ಸ್. ಈ ಆಟಕ್ಕಾಗಿ ಲಯನ್‌ಹೆಡ್‌ನಲ್ಲಿ ಕೆಲಕಾಲ ದುಡಿದ ಡೆಮಿಸ್ ಹಸ್ಸಾಬಿಸ್ ಮುಂದೆ ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆಯ ಕಂಪನಿ ಕಟ್ಟಿದರು. ಪ್ರೋಟೀನುಗಳ ರಚನೆಯನ್ನು ಕಂಪ್ಯೂಟರಿನಿಂದ ಊಹಿಸಿದ್ದಕ್ಕೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು. ಹುಡುಗನಿಗೆ ಇದನ್ನು ಹೇಳಿದೆ. “ಹಂಗಾದ್ರ ನಾನೂ ಪ್ರೋಗ್ರಾಮಿಂಗ್ ಕಲೀತೀನ್ರಿ ಮಾಮಾ” ಅಂದ. ಜಮಖಂಡಿಯಿಂದ ಪುಸ್ತಕ ತಂದುಕೊಟ್ಟಿದ್ದೇನೆ.