ಬಲ್ಬು ಬದಲಿಸುವ ಮುನ್ನ: ರಾತ್ರಿ ದಾರಿಗೆ ಸಾಕಷ್ಟು ಬೆಳಕು ಪಡೆಯುವ ಬಗೆ

ಮಲೆನಾಡಿನ ಬೆಳೆಗಾರನಿಗೆ ರಾತ್ರಿಯ ಪ್ರಯಾಣ ತಪ್ಪಿದ್ದಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣು ಅಳೆದು, ಪಲ್ಪರಿನ ಕೆಲಸ ಮುಗಿಸಿ, ದೂರದ ಊರಿನ ಕೆಲಸಗಾರರನ್ನು ಮನೆ ಮುಟ್ಟಿಸುವಾಗ ಗಂಟೆ ಎಂಟಾದರೂ ಆಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೂ ತಡ. ತಿರುವು ದಾರಿ, ಎರಡೂ ಕಡೆ ಮರದ ದಟ್ಟಣೆ, ಮಳೆಗಾಲದಲ್ಲಿ ಮಂಜು. ಸಕಲೇಶಪುರ, ಆಲೂರು, ಸೋಮವಾರಪೇಟೆ, ವಿರಾಜಪೇಟೆ ಕಡೆಯವರಿಗೆ ಇದರ ಮೇಲೆ ಕಾಡಾನೆಯ ಭಯ. ಒದ್ದೆಯಾದ ಆನೆಯ ಮೈ ಕತ್ತಲೆಯಲ್ಲಿ ಕತ್ತಲೆಯೇ ಆಗಿರುತ್ತದೆ. ಬೆಳಕು ಬಿದ್ದರೂ ತಿರುಗಿ ಹೊಳೆಯುವುದಿಲ್ಲ.

ಹೀಗಾಗಿ ಸದಸ್ಯರು ನಾಲ್ಕು ಜನ ಸೇರಿದಲ್ಲಿ ಕೇಳಿಬರುವ ಮಾತು ಒಂದೇ: “ಗಾಡಿಯ ಹೆಡ್‌ಲೈಟಿನಲ್ಲಿ ಏನೂ ಕಾಣುವುದಿಲ್ಲ, ಯಾವ ಬಲ್ಬು ಹಾಕಿಸಿದರೆ ಒಳ್ಳೆಯದು?” ಪ್ರಶ್ನೆ ಸರಿಯಾದದ್ದೇ. ಆದರೆ ನಮ್ಮ ಜೀಪು, ಪಿಕಪ್, ಹಳೆಯ ಕಾರುಗಳನ್ನು ನೋಡಿದರೆ, ಬಹುಮಟ್ಟಿಗೆ ತಪ್ಪು ಬಲ್ಬಿನದ್ದಲ್ಲ. ಇರುವ ಬಲ್ಬಿಗೆ ತಲುಪಬೇಕಾದ ಕರೆಂಟು ತಲುಪುತ್ತಿಲ್ಲ, ಅದು ಕೊಡುವ ಬೆಳಕು ರಸ್ತೆಗೆ ಬೀಳುತ್ತಿಲ್ಲ. ಇವೆರಡನ್ನೂ ಸರಿಪಡಿಸದೆ ದುಬಾರಿ ಬಲ್ಬು ತರುವುದು, ಸ್ಪ್ರಿಂಕ್ಲರಿನ ಪೈಪು ಸೋರುತ್ತಿರುವಾಗ ಕೊನೆಯ ಜೆಟ್ಟನ್ನು ಮಾತ್ರ ಬದಲಿಸಿದಂತೆ.

ಎಷ್ಟು ದೂರ ಕಾಣಬೇಕು?

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿಗೆ ಏನೋ ಇದೆಯೆಂದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಮತ್ತೆ 28 ಮೀಟರಿನಷ್ಟು ಬೇಕು. ಒಟ್ಟು 50 ಮೀಟರಿಗೂ ಹೆಚ್ಚು. ಅದೇ 40 ಕಿ.ಮೀ. ವೇಗದಲ್ಲಿ ಈ ಎರಡೂ ಸೇರಿ 30 ಮೀಟರಿನೊಳಗೆ ಮುಗಿಯುತ್ತದೆ. ಡಿಮ್ ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟು ರಸ್ತೆಯಂಚಿನಲ್ಲಿ ನಡೆಯುವವರು 50 ಮೀಟರಿನಿಂದ ಕಂಡರೆ ಅದೇ ಹೆಚ್ಚು. ಬೆಳಕಿನ ಲೆಕ್ಕ ಎಂದರೆ ಈ ಕೆಲವು ಮೀಟರುಗಳ ಲೆಕ್ಕ.

ಇನ್ನೊಂದು ಮಾತು. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಕನ್ನು ಎರಡರಷ್ಟು ಮಾಡಿದರೂ ಕಾಣುವ ದೂರ ಎರಡರಷ್ಟಾಗುವುದಿಲ್ಲ, ಸುಮಾರು ಒಂದು ಕಾಲು ಒಂದೂವರೆ ಪಾಲು ಆದೀತು ಅಷ್ಟೆ. ವ್ಯಾಟ್ ಏರಿಸಿ ಕತ್ತಲೆ ಗೆಲ್ಲಲಾಗದು ಎಂಬುದಕ್ಕೆ ಇದು ಮೊದಲ ಕಾರಣ.

ಹ್ಯಾಲೊಜನ್ ಬಲ್ಬಿನ ಒಳಗುಟ್ಟು

ವಾಹನಕ್ಕೆ ಹ್ಯಾಲೊಜನ್ ಬಲ್ಬು ಬಂದದ್ದು 1962ರಲ್ಲಿ, ಯುರೋಪಿನಲ್ಲಿ. ಒಂದೇ ಬಲ್ಬಿನಲ್ಲಿ ಡಿಮ್ ಮತ್ತು ಬ್ರೈಟ್ ಎರಡನ್ನೂ ಕೊಡುವ ಎಚ್-4 ಬಲ್ಬು 1971ರಲ್ಲಿ ಬಂತು. ನಮ್ಮ ಜೀಪುಗಳ 7 ಇಂಚಿನ ಗುಂಡು ದೀಪದಲ್ಲೂ ಅನೇಕ ಕಾರು, ಪಿಕಪ್‌ಗಳಲ್ಲೂ ಇರುವುದು ಇದೇ ಮೂರು ಕಾಲಿನ ಬಲ್ಬು. ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55 ವ್ಯಾಟ್.

ಬಲ್ಬಿನೊಳಗೆ ಎರಡು ತಂತಿಸುರುಳಿಗಳಿವೆ. ಡಿಮ್ ಸುರುಳಿಯ ಕೆಳಗೆ ಒಂದು ಚಿಕ್ಕ ಲೋಹದ ತಟ್ಟೆ. ಬೆಳಕು ಮೇಲಕ್ಕೆ ಹೋಗಿ ಎದುರಿನವರ ಕಣ್ಣಿಗೆ ಹೊಡೆಯದಂತೆ ತಡೆಯುವುದು ಈ ತಟ್ಟೆಯೇ. ಹಿಂದಿನ ರಿಫ್ಲೆಕ್ಟರನ್ನು ಈ ಸುರುಳಿಗಳ ಜಾಗಕ್ಕೆ ಸರಿಯಾಗಿ ಲೆಕ್ಕ ಹಾಕಿ ಮಾಡಿರುತ್ತಾರೆ. ಸುರುಳಿ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ರಸ್ತೆಗೆ ಬೀಳಬೇಕಾದ ಬೆಳಕು ಮರದ ತುದಿಗೆ ಬೀಳುತ್ತದೆ. ಮುಂದೆ ಎಲ್‌ಇಡಿ ವಿಚಾರ ಬಂದಾಗ ಈ ಮಾತು ನೆನಪಿರಲಿ.

ಮೊದಲ ಕೆಲಸ: ಗಾಜು ಮತ್ತು ರಿಫ್ಲೆಕ್ಟರ್

ಕೆಸರು ಒಣಗಿದ ಗಾಜಿನಿಂದ ಎಂಥ ಬಲ್ಬೂ ಬೆಳಕು ಕೊಡಲಾರದು. ರಾತ್ರಿ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಎರಡೂ ದೀಪ ಮತ್ತು ಮುಂದಿನ ಗಾಜನ್ನು ಒರೆಸುವುದು ಖರ್ಚಿಲ್ಲದ ಸುಧಾರಣೆ. ಮುಂದಿನ ಗಾಜಿನ ಒಳಮೈಯಲ್ಲಿ ಕೂರುವ ಜಿಡ್ಡಿನ ಪೊರೆಯನ್ನೂ ಮರೆಯಬಾರದು.

ಈಚಿನ ಗಾಡಿಗಳ ದೀಪದ ಮುಖ ಗಾಜಿನದ್ದಲ್ಲ, ಪ್ಲಾಸ್ಟಿಕ್ಕಿನದು. ಬಿಸಿಲಿಗೆ ಅದು ಹಳದಿಗಟ್ಟಿ ಮಂಕಾಗುತ್ತದೆ. 1000, 2000, 3000 ನಂಬರಿನ ನೀರುಕಾಗದದಿಂದ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ವಾರ್ನಿಷ್ ಹೊಡೆಸಿದರೆ ಮತ್ತೆ ತಿಳಿಯಾಗುತ್ತದೆ. ವಾರ್ನಿಷ್ ಹೊಡೆಯದೆ ಉಜ್ಜಿ ಮಾತ್ರ ಬಿಟ್ಟರೆ ಕೆಲವೇ ತಿಂಗಳಲ್ಲಿ ಹಿಂದಿನದಕ್ಕಿಂತ ಮಂಕಾದೀತು.

ಒಳಗಿನ ರಿಫ್ಲೆಕ್ಟರನ್ನು ಮಾತ್ರ ಎಂದೂ ಉಜ್ಜಬಾರದು. ಅದರ ಹೊಳಪು ತೆಳುವಾದ ಅಲ್ಯುಮಿನಿಯಂ ಲೇಪ. ಬಟ್ಟೆಗೆ ಅಂಟಿ ಬರುತ್ತದೆ. ಮಳೆನೀರು ಹೊಕ್ಕು ಹೊಳಪು ಹೋಗಿದ್ದರೆ ಇಡೀ ದೀಪವನ್ನೇ ಬದಲಿಸುವುದು ಸರಿ. 7 ಇಂಚಿನ ಗುಂಡು ದೀಪವಿರುವವರಿಗೆ ಇದು ಸುಲಭ. ಕೊಳ್ಳುವಾಗ ನಮ್ಮಂತೆ ಎಡಬದಿಯ ಸಂಚಾರಕ್ಕೆ ಮಾಡಿದ ದೀಪವೇ ಎಂದು ನೋಡಿಕೊಳ್ಳಬೇಕು. ಬಲಬದಿಯಲ್ಲಿ ಓಡಿಸುವ ದೇಶಗಳ ದೀಪ ಎದುರು ಬರುವವರ ಕಣ್ಣಿಗೇ ಬೆಳಕು ಎತ್ತುತ್ತದೆ.

ಎರಡನೆಯದು: ಬಲ್ಬಿಗೆ ಪೂರ್ತಿ ವೋಲ್ಟೇಜು

ಇದೇ ಮುಖ್ಯ ವಿಷಯ. ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಹೊರಟು, ಸ್ಟೇರಿಂಗಿನ ಬಳಿಯ ಸ್ವಿಚ್ಚಿನ ಮೂಲಕ ಸುತ್ತಿ, ತೆಳು ವಯರಿನಲ್ಲಿ ಮುಂದಕ್ಕೆ ಬರುತ್ತದೆ. ಎರಡು ಬಲ್ಬಿಗೆ ಹತ್ತಿರ ಹತ್ತಿರ 10 ಆಂಪಿಯರ್. ಕಪ್ಪುಗಟ್ಟಿದ ಸ್ವಿಚ್ಚು, ಕಿಲುಬು ಹಿಡಿದ ಜೋಡಣೆ, ಇಲಿ ಕಡಿದು ಟೇಪು ಸುತ್ತಿದ ವಯರು, ತುಕ್ಕಿನ ಮೇಲೆ ಬಿಗಿದ ಅರ್ಥಿಂಗ್, ಒಂದೊಂದೂ ಸ್ವಲ್ಪ ಸ್ವಲ್ಪ ವೋಲ್ಟೇಜು ತಿನ್ನುತ್ತವೆ.

ತಿಂದದ್ದು ಸ್ವಲ್ಪವೇ ಆದರೂ ನಷ್ಟ ದೊಡ್ಡದು. ವೋಲ್ಟೇಜು ನೂರಕ್ಕೆ 5ರಷ್ಟು ಇಳಿದರೆ ಬೆಳಕು ನೂರಕ್ಕೆ 16ರಷ್ಟು ಇಳಿಯುತ್ತದೆ. ವೋಲ್ಟೇಜು 10ರಷ್ಟು ಇಳಿದರೆ ಬೆಳಕು 30ರಷ್ಟು ಹೋಗುತ್ತದೆ. ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದು ಬಲ್ಬಿನ ಬಳಿ 12.1 ಮಾತ್ರ ಸಿಕ್ಕಿದರೆ, ಸಿಗಬಹುದಾಗಿದ್ದ ಬೆಳಕಿನ ಮೂರರಲ್ಲೊಂದು ಪಾಲು ಹತ್ತಿರ ದಾರಿಯಲ್ಲೇ ಸೋರಿತು ಎಂದಾಯಿತು.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ. ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. ಬಳಿಕ ಬಲ್ಬು ಉರಿಯುತ್ತಿರುವಂತೆಯೇ ಹೋಲ್ಡರಿನ ಹಿಂಭಾಗದಿಂದ ಕಡ್ಡಿ ತೂರಿಸಿ ಬಲ್ಬಿನ ಕಾಲುಗಳ ನಡುವೆ ಅಳೆಯಿರಿ. ಬಲ್ಬು ಕಳಚಿ ಅಳೆದರೆ ಕರೆಂಟು ಹರಿಯದ ಕಾರಣ ಪೂರ್ತಿ ವೋಲ್ಟೇಜು ತೋರಿಸಿ ಮೋಸ ಮಾಡುತ್ತದೆ. ಎರಡು ಅಳತೆಗಳ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ವಯರಿಂಗಿಗೆ ಕೈಹಾಕಬೇಕು.

ಮೊದಲು ಅರ್ಥಿಂಗ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಬಿಗಿಯಾಗಿ ಕೂರಿಸಿ. ಅಷ್ಟರಿಂದಲೇ ಅನೇಕ ಗಾಡಿಗಳು ಚೇತರಿಸಿಕೊಳ್ಳುತ್ತವೆ. ಸಾಲದಿದ್ದರೆ ರಿಲೇ ಹಾಕಿಸಬೇಕು. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಚಿಕ್ಕ ಗುಂಡಿ ಒತ್ತಿದರೆ ದೊಡ್ಡ ಕಾಂಟ್ಯಾಕ್ಟುಗಳು ಸೇರುತ್ತವಲ್ಲ, ರಿಲೇಯ ಕೆಲಸವೂ ಅದೇ. ಹಳೆಯ ಸ್ವಿಚ್ಚು ರಿಲೇಗೆ ಸೂಚನೆ ಮಾತ್ರ ಕೊಡುತ್ತದೆ. ಬಲ್ಬಿನ ಕರೆಂಟು ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವಯರಿನಲ್ಲಿ ನೇರವಾಗಿ ಬರುತ್ತದೆ. ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ ಬೇಕು. ಸಾಮಾನ್ಯ ರಿಲೇಯ ಕಾಲುಗಳಲ್ಲಿ 30ಕ್ಕೆ ಬ್ಯಾಟರಿಯ ವಯರು, 87ಕ್ಕೆ ಬಲ್ಬಿನ ವಯರು, 86ಕ್ಕೆ ಹಳೆಯ ಸ್ವಿಚ್ಚಿನ ವಯರು, 85ಕ್ಕೆ ಅರ್ಥಿಂಗ್. 2.5 ಚದರ ಮಿ.ಮೀ. ತಾಮ್ರದ ವಯರು ಇರಲಿ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಕೂರಿಸಬೇಕು. ಫ್ಯೂಸಿಲ್ಲದ ನೇರ ವಯರು ಬೆಂಕಿಗೆ ಆಹ್ವಾನ.

ಕೆಲವು ಗಾಡಿಗಳಲ್ಲಿ ಸ್ವಿಚ್ಚು ಅರ್ಥಿಂಗ್ ಕಡೆಗೆ ಇರುತ್ತದೆ. ಅಲ್ಲಿ ಜೋಡಣೆ ಬೇರೆ. ಆದ್ದರಿಂದ ತಿಳಿದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸುವುದು ಮೇಲು. ದೀಪಗಳನ್ನು ಕಂಪ್ಯೂಟರೇ ನಿಯಂತ್ರಿಸುವ ಹೊಸ ಗಾಡಿಗಳಲ್ಲಿ, ವಾರಂಟಿ ಇರುವ ಗಾಡಿಗಳಲ್ಲಿ ವಯರು ಕತ್ತರಿಸಲೇಬಾರದು.

ಮೂರನೆಯದು: ದೀಪದ ನೋಟ ಸರಿಪಡಿಸುವುದು

ಗುಂಡಿ ಬಿದ್ದ ದಾರಿಯಲ್ಲಿ ಓಡಿದ ಗಾಡಿಯ ದೀಪ ಒಂದು ಆಕಾಶ ನೋಡಿದರೆ ಇನ್ನೊಂದು ಬಂಪರಿನ ಕೆಳಗೆ ನೋಡುತ್ತಿರುತ್ತದೆ. ಮಟ್ಟಸವಾದ ನೆಲ ಬೇಕು. ಕಾಫಿ ಕಣಕ್ಕೆ ನೀರು ಹರಿಯಲು ಇಳಿಜಾರು ಕೊಟ್ಟಿರುವುದರಿಂದ ಅದು ಬೇಡ, ಗೋದಾಮಿನ ನೆಲ ಆದೀತು. ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಚಾಲಕರನ್ನು ಕೂರಿಸಿ, ಗೋಡೆಯಿಂದ 5 ಮೀಟರ್ ದೂರದಲ್ಲಿ ಗಾಡಿ ನೇರವಾಗಿ ನಿಲ್ಲಿಸಿ. ದೀಪದ ನಡುವಿನ ಎತ್ತರವನ್ನು ನೆಲದಿಂದ ಅಳೆದು ಗೋಡೆಯ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅದರ ಕೆಳಗೆ 5 ಸೆಂ.ಮೀ.ಗೆ ಇನ್ನೊಂದು ಗೆರೆ. ಡಿಮ್ ಬೆಳಕಿನ ಮೇಲಂಚು ಈ ಕೆಳಗೆರೆಗೆ ಸರಿಯಾಗಿ ಕೂರಬೇಕು. ಎಡಗಡೆಗೆ ಮಾತ್ರ ಅದು ಓರೆಯಾಗಿ ಮೇಲೇರಬೇಕು. ರಸ್ತೆಯ ಎಡ ಅಂಚಿನ ಪಾದಚಾರಿ, ಚರಂಡಿ ಕಾಣುವುದು ಈ ಏರಿನಿಂದಲೇ. ಗಾಡಿಯ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಅನುಸರಿಸಿ. ಒಂದು ದೀಪ ಹೊಂದಿಸುವಾಗ ಇನ್ನೊಂದರ ಮುಂದೆ ರಟ್ಟು ನಿಲ್ಲಿಸಿಕೊಳ್ಳಿ.

ಪಿಕಪ್ ಇಟ್ಟುಕೊಂಡವರು ಹೊರೆಯ ಲೆಕ್ಕವನ್ನೂ ಇಡಬೇಕು. ಹಿಂದೆ ಮೂಟೆ ತುಂಬಿದಾಗ ಗಾಡಿಯ ಮೂತಿ ಏಳುತ್ತದೆ, ಡಿಮ್ ಬೆಳಕೂ ಎದುರಿನವರ ಕಣ್ಣಿಗೆ ಏಳುತ್ತದೆ. ದೀಪ ಇಳಿಸುವ ತಿರುಗಣೆ ಇದ್ದರೆ ಬಳಸಿ. ಇಲ್ಲದಿದ್ದರೆ ರಾತ್ರಿ ಸಾಮಾನ್ಯವಾಗಿ ಎಷ್ಟು ಹೊರೆ ಇರುವುದೋ ಅಷ್ಟು ಇಟ್ಟೇ ಹೊಂದಿಸಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಇದನ್ನೇ ಬಯಸುತ್ತವೆ: ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಬೆಳಕು ಕೋರೈಸಬಾರದು.

ಈಗ ಬಲ್ಬಿನ ಮಾತು

ಇಷ್ಟಾದ ಮೇಲೆ ಬಲ್ಬು. ಹಳೆಯ ಬಲ್ಬಿನ ಗಾಜು ಕಪ್ಪಾಗಿದ್ದರೆ, ಸುರುಳಿ ಜೋತಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಒಳ್ಳೆಯ ತಯಾರಕರ 60/55 ವ್ಯಾಟಿನದೇ ಸಾಕು. ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಕೈಯ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಹಾಳಾಗುತ್ತದೆ. ಮುಟ್ಟಿದ್ದರೆ ಸ್ಪಿರಿಟಿನಿಂದ ಒರೆಸಿ ಹಾಕಿ.

“ನೂರಕ್ಕೆ ಇಷ್ಟು ಹೆಚ್ಚು ಬೆಳಕು” ಎಂದು ಡಬ್ಬದ ಮೇಲೆ ಬರೆದ ಬಲ್ಬುಗಳು ಅದೇ ವ್ಯಾಟಿನಲ್ಲಿ ರಸ್ತೆಯ ಕೆಲವು ಭಾಗಕ್ಕೆ ಹೆಚ್ಚು ಬೆಳಕು ಕೊಡುವುದು ನಿಜ. ಆದರೆ ಆ ಸಂಖ್ಯೆ ಇಡೀ ಬೆಳಕಿನದ್ದಲ್ಲ, ಮತ್ತು ಅವುಗಳ ಆಯುಷ್ಯ ಕಡಿಮೆ. ಕೊಂಡರೆ ಒಂದು ಜೊತೆ ಬಲ್ಬು ಗಾಡಿಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ. ನೀಲಿ ಗಾಜಿನವನ್ನು ದೂರವಿಡಿ. ನೋಡಲು ಬೆಳ್ಳಗೆ ಕಂಡರೂ ಆ ಬಣ್ಣವೇ ಬೆಳಕಿನ ಒಂದು ಪಾಲನ್ನು ತಡೆಯುತ್ತದೆ.

100/90 ವ್ಯಾಟಿನ ಬಲ್ಬು ಬೇಡವೇ ಬೇಡ. ಎರಡು ಬಲ್ಬಿಗೆ 16 ಆಂಪಿಯರಿಗೂ ಮೇಲೆ ಎಳೆಯುತ್ತದೆ. ಹಳೆಯ ವಯರಿನಲ್ಲಿ ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ, ಹೋಲ್ಡರು ಕರಗುತ್ತದೆ, ರಿಫ್ಲೆಕ್ಟರು ಸುಡುತ್ತದೆ, ಎದುರಿನವನು ಕುರುಡನಾಗುತ್ತಾನೆ. ಕಿರಿದಾದ ಘಾಟಿ ದಾರಿಯಲ್ಲಿ ಎದುರಿನ ಚಾಲಕ ಕುರುಡನಾದರೆ ಅವನು ಬಂದು ಗುದ್ದುವುದು ನಮಗೇ.

ಎಲ್‌ಇಡಿ ಎಂಬ ಆಸೆ

ಹ್ಯಾಲೊಜನ್ ಬಲ್ಬಿನ ಜಾಗಕ್ಕೆ ಕೂರುವ ಎಲ್‌ಇಡಿ ಬಲ್ಬುಗಳು ಅಂಗಡಿ ತುಂಬ ಇವೆ. ಕರೆಂಟು ಕಡಿಮೆ ಎಳೆಯುತ್ತವೆ ಎಂಬುದೂ ಸುಳ್ಳಲ್ಲ. ತೊಂದರೆ ಇರುವುದು ಆ ರಿಫ್ಲೆಕ್ಟರಿನಲ್ಲಿ. ಅದು ತಂತಿಸುರುಳಿಯ ಲೆಕ್ಕಕ್ಕೆ ಮಾಡಿದ್ದು. ಚಪ್ಪಟೆ ಎಲ್‌ಇಡಿ ಬಿಲ್ಲೆಯ ಬೆಳಕು ಬೇರೆ ರೀತಿ ಚದುರುತ್ತದೆ. ಗಾಡಿಯ ಮುಂದೆ ಹತ್ತು ಹದಿನೈದು ಮೀಟರ್ ಹಾಲು ಚೆಲ್ಲಿದಂತೆ ಬೆಳಗುತ್ತದೆ, ಆ ಬೆಳಕಿಗೆ ಒಗ್ಗಿದ ಕಣ್ಣಿಗೆ ಆಚೆಯ ಕತ್ತಲೆ ಇನ್ನೂ ಕಪ್ಪಾಗುತ್ತದೆ. ನಮಗೆ ಕಾಣಬೇಕಾದದ್ದು ಆಚೆಯದೇ. ಜರ್ಮನಿಯಲ್ಲಿ 2020ರಲ್ಲಿ ಇಂಥ ಬಲ್ಬಿಗೆ ಅನುಮತಿ ಕೊಟ್ಟಾಗಲೂ ಯಾವ ಬಲ್ಬು ಯಾವ ಗಾಡಿಗೆ ಎಂದು ಪರೀಕ್ಷಿಸಿ, ಆಯಾ ಜೋಡಿಗೆ ಮಾತ್ರ ಕೊಟ್ಟರು. ಕಂಪೆನಿಯೇ ಎಲ್‌ಇಡಿಗೆಂದು ಮಾಡಿದ ಪೂರ್ತಿ ದೀಪ ಬೇರೆ ಮಾತು, ಅದು ಒಳ್ಳೆಯದೇ.

ಮಂಜಿಗೆ ಹಳದಿ ಬೆಳಕೇ ಮದ್ದು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮಂಜಿನ ಹನಿ ಯಾವ ಬಣ್ಣವನ್ನೂ ಹಿಂದಕ್ಕೆ ಎರಚುತ್ತದೆ. ಬೆಳಕು ಕಣ್ಣಿನಿಂದ ಆದಷ್ಟು ಕೆಳಗಿದ್ದು, ಅಗಲವಾಗಿ ನೆಲಕ್ಕಂಟಿ ಹೋಗಬೇಕು. ಬಂಪರಿನಲ್ಲಿ ತಗ್ಗಿಸಿ ಕೂರಿಸಿದ ಮಂಜುದೀಪ, ಡಿಮ್ ಬೆಳಕು, ನಿಧಾನದ ಓಟ, ಇವೇ ಮದ್ದು. ಬ್ರೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಲ್ಲುತ್ತದೆ.

ಕೊನೆಯದಾಗಿ, ದೀಪ ಸರಿಯಿದ್ದೂ ಕಾಣದಿದ್ದರೆ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕಾಗುತ್ತದೆ. ಎದುರಿನ ದೀಪದ ಸುತ್ತ ಬಳೆಯಂತೆ ಬೆಳಕು ಹರಡಿ ಕಂಡರೆ ಅದು ಪೊರೆಯ ಮುನ್ಸೂಚನೆಯಾಗಿರಬಹುದು. ಅದಕ್ಕೆ ಯಾವ ಬಲ್ಬೂ ಪರಿಹಾರವಲ್ಲ.

ಸದಸ್ಯರು ಈ ಕೆಲಸವನ್ನು ಕೊಯ್ಲು ಶುರುವಾಗುವ ಮುನ್ನವೇ ಮುಗಿಸಿಕೊಳ್ಳಬೇಕೆಂದು ನಮ್ಮ ಸೂಚನೆ. ಮೊದಲು ಗಾಜು, ಆಮೇಲೆ ವೋಲ್ಟೇಜು, ಆಮೇಲೆ ನೋಟ, ಕೊನೆಗೆ ಬಲ್ಬು. ಕ್ರಮ ತಪ್ಪದಿದ್ದರೆ ಖರ್ಚೂ ಕಡಿಮೆ. ಪಿಕಪ್ಪಿನ ಹಿಂದೆ ಕುಳಿತ ಕೆಲಸಗಾರರೂ ರಸ್ತೆಯಂಚಿನಲ್ಲಿ ಟಾರ್ಚಿಲ್ಲದೆ ನಡೆಯುವ ನೆರೆಯವರೂ ಕ್ಷೇಮವಾಗಿ ಮನೆ ಸೇರುವುದು ಈ ಬೆಳಕನ್ನು ನಂಬಿಯೇ.